ಮೈಲುತುತ್ತದ ಅಂಗಡಿ ಮತ್ತು ಸೇವಾ ಕ್ಲಬ್ಬು

ರೋಟರಿಯ ವರ್ಷವೂ ಲಯನ್ಸಿನ ವರ್ಷವೂ ಜುಲೈ 1ಕ್ಕೆ ಶುರುವಾಗುತ್ತವೆ. ಒಂದು 1905ರಲ್ಲಿ, ಇನ್ನೊಂದು 1917ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಹುಟ್ಟಿದ ಸಂಸ್ಥೆಗಳು. ಅಲ್ಲಿ ಜುಲೈ ಎಂದರೆ ಬಿಸಿಲುಗಾಲ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಅದು ಆರಿದ್ರಾ ಮುಗಿದು ಪುನರ್ವಸು ಹಿಡಿಯುವ ತಿಂಗಳು. ಗದ್ದೆಯಲ್ಲಿ ನಾಟಿ, ತೋಟದಲ್ಲಿ ಕೊಳೆ ರೋಗದ ಭಯ, ರಸ್ತೆಗೆ ಉರುಳಿದ ಮರ, ಯಾವಾಗ ಬಂದೀತೆಂದು ಹೇಳಲಾಗದ ಕರೆಂಟು. ಹೊಸ ಅಧ್ಯಕ್ಷರ ಪದಗ್ರಹಣ, ಹೊಸ ಸದಸ್ಯರ ಪ್ರತಿಜ್ಞೆ, ವರ್ಷದ ಚಂದಾ ವಸೂಲಿ ಎಲ್ಲವೂ ಆ ಮಳೆಗೇ ಬಂದು ಕೂರುತ್ತಿದ್ದವು. ಮಲೆನಾಡಿನಲ್ಲಿ ಸೇವಾ ಕ್ಲಬ್ಬು ಬೆಳೆಯುವುದು ಯಾಕೆ ಕಷ್ಟ, ಬೆಳೆದಾಗ ಯಾವ ದಾರಿಯಲ್ಲಿ ಬೆಳೆಯಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಎತ್ತುವುದು ಈ ಮಳೆ-ಬೆಳೆಯ ಲೆಕ್ಕವನ್ನೇ.

ಇದನ್ನು ನಾನು ಕಲಿತದ್ದು ನನ್ನ ಅಂಗಡಿಯ ಉದ್ರಿ ಪುಸ್ತಕದಿಂದ. ಕೊಪ್ಪದ ಪೇಟೆಯಲ್ಲಿ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವ ಪಂಪು, ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಪ್ಲಾಸ್ಟಿಕ್ಕು ಮಾರುತ್ತಿದ್ದವನು ನಾನು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಬೋರ್ಡೋ ದ್ರಾವಣದ ಸಾಮಾನು ಜೂನ್ ತಿಂಗಳಿನಲ್ಲಿ ಅಂಗಡಿಯಿಂದ ಹೋಗುತ್ತದೆ. ಅದರ ದುಡ್ಡು ಬರುವುದು ದೀಪಾವಳಿ ಕಳೆದು, ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಅಡಿಕೆ ಮಂಡಿಗೆ ಹೋದ ಮೇಲೆ. ಜುಲೈನಲ್ಲಿ ನನ್ನ ಬಾಕಿಯನ್ನೇ ಕೊಡಲಾಗದ ಸಣ್ಣ ತೋಟದ ಮನುಷ್ಯನ ಹತ್ತಿರ ಅದೇ ಜುಲೈನಲ್ಲಿ ಕ್ಲಬ್ಬಿನ ಚಂದಾ ಹೇಗೆ ಕೇಳುವುದು? ಕೇಳಿದರೆ ಆತ ಇಲ್ಲವೆನ್ನುವುದಿಲ್ಲ. ಮುಂದಿನ ಸಭೆಗೆ ಬರುವುದಿಲ್ಲ, ಅದರ ಮುಂದಿನದಕ್ಕೂ ಬರುವುದಿಲ್ಲ. ಬಾಕಿ ಇರುವವನು ಎದುರು ಸಿಗಲು ಸಂಕೋಚಪಡುತ್ತಾನೆ. ಹೀಗೆ ಒಳ್ಳೆಯ ಸದಸ್ಯರು ಸದ್ದಿಲ್ಲದೆ ಕಳಚಿಹೋಗುತ್ತಿದ್ದರು.

ನಾನು ಮೊದಲು ಇದ್ದದ್ದು ಜೇಸಿ ಎಂಬ ಯುವಕರ ಸಂಸ್ಥೆಯಲ್ಲಿ. ಎಂಬತ್ತರ ದಶಕದ ಕೊನೆಯ ಮಾತು. ಜೇಸಿಯಲ್ಲಿ 18ರಿಂದ 40 ವರ್ಷದವರೆಗೆ ಮಾತ್ರ ಜಾಗ. ಈ ಕಟ್ಟುನಿಟ್ಟಿನ ಬೆಲೆ ನನಗೆ ಗೊತ್ತಾದದ್ದು ಅಲ್ಲಿಂದ ಹೊರಬಂದ ಮೇಲೆ. ಪ್ರತಿವರ್ಷ ಒಂದಷ್ಟು ಜನ ವಯಸ್ಸಾಗಿ ಹೊರಗೆ ಹೋಗಲೇಬೇಕಾದ್ದರಿಂದ ಹೊಸಬರನ್ನು ತರುವ ಕೆಲಸ ಅಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಅವರ ವರ್ಷ ಶುರುವಾಗುವುದು ಜನವರಿಗೆ. ಕೈಯಲ್ಲಿ ನಾಲ್ಕು ಕಾಸು ಓಡಾಡುವ, ರಸ್ತೆ ಒಣಗಿರುವ ಕಾಲಕ್ಕೆ. ಸೆಪ್ಟೆಂಬರಿನ ಜೇಸಿ ಸಪ್ತಾಹದಲ್ಲಿ ಊರಿನ ಮಕ್ಕಳೆಲ್ಲ ವೇದಿಕೆ ಹತ್ತುತ್ತಾರೆ, ಮಕ್ಕಳ ಹಿಂದೆ ತಾಯಿ ತಂದೆ ಬರುತ್ತಾರೆ. ನಲವತ್ತು ದಾಟಿದ ಜೇಸಿಗಳು ಲಯನ್ಸಿಗೋ ರೋಟರಿಗೋ ಹೋಗುತ್ತಾರೆ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಹಿರಿಯರ ಕ್ಲಬ್ಬುಗಳಲ್ಲಿ ಸಭೆ ನಡೆಸುವುದು, ಲೆಕ್ಕ ಬರೆಯುವುದು, ಮೈಕಿನೆದುರು ನಡುಗದೆ ನಿಲ್ಲುವುದು ಬಲ್ಲವರು ಯಾರೆಂದು ನೋಡಿದರೆ ಬಹುಪಾಲು ಹಳೆಯ ಜೇಸಿಗಳೇ. ನಾನೂ ಹಾಗೆಯೇ ಹಿರಿಯರ ಕ್ಲಬ್ಬಿಗೆ ಬಂದವನು. ಬಂದ ಕೆಲವು ವರ್ಷಕ್ಕೆ ಮೂರು ಊರುಗಳ ಸದಸ್ಯತ್ವ ಬೆಳೆಸುವ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು.

ಮೊದಲು ಮಾಡಿದ್ದು ಚಂದಾವನ್ನು ಎರಡು ಕಂತಾಗಿಸಿದ್ದು. ಜುಲೈಗೆ ಹೆಸರಿಗಷ್ಟು, ಉಳಿದದ್ದು ಸಂಕ್ರಾಂತಿಯ ನಂತರ. ಮೇಲಿನವರಿಗೆ ಕಳಿಸಬೇಕಾದ ಪಾಲನ್ನು ಅಲ್ಲಿಯವರೆಗೆ ಕ್ಲಬ್ಬಿನ ನಿಧಿಯಿಂದ ತುಂಬುವುದು. ಖಜಾಂಚಿಗೆ ಇದು ತಲೆಬಿಸಿಯೇ. ಆದರೆ ಅಡಿಕೆ ವ್ಯವಹಾರ ಬಲ್ಲ ಖಜಾಂಚಿ ಸಿಕ್ಕಿದರೆ ಒಂದೇ ಮಾತಿಗೆ ಒಪ್ಪಿಕೊಳ್ಳುತ್ತಾನೆ, ಯಾಕೆಂದರೆ ಅವನ ಸ್ವಂತ ಮನೆಯ ಲೆಕ್ಕವೂ ಹಾಗೆಯೇ ನಡೆಯುತ್ತಿರುತ್ತದೆ. ಎರಡನೆಯದು, ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭವನ್ನು ಪದಗ್ರಹಣದಿಂದ ಬಿಡಿಸಿ ನವೆಂಬರಿನಿಂದ ಫೆಬ್ರವರಿಯ ಒಳಗೆ ಇಟ್ಟದ್ದು.

ಆ ತಿಂಗಳುಗಳಲ್ಲಿ ಸದಸ್ಯರನ್ನು ಎಲ್ಲಿ ಹುಡುಕಬೇಕೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ರಾತ್ರಿ ಊಟವಾದ ಮೇಲೆ ಅಡಿಕೆ ಸುಲಿಯುವ ಅಂಗಳಕ್ಕೆ ಹೋಗಬೇಕು. ನೆತ್ತಿಯ ಮೇಲೆ ಒಂದು ದೊಡ್ಡ ಬಲ್ಬು, ಸಾಲಾಗಿ ಮೆಟ್ಟುಗತ್ತಿ, ಒಂದೊಂದರ ಮೇಲೂ ಒಬ್ಬೊಬ್ಬರು. ಮನೆಯವರು, ನೆರೆಯವರು, ಕೂಲಿಗೆ ಬಂದವರು. ಕತ್ತಿಯ ಮೊನೆಗೆ ಕಾಯಿ ತಾಗಿಸಿ ಹೊರಳಿಸಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಪಕ್ಕದ ಒಲೆಯ ಮೇಲೆ ಹಂಡೆಯಲ್ಲಿ ಚೊಗರು ಕುದಿಯುತ್ತಿರುತ್ತದೆ, ಅದರ ಒಗರು ವಾಸನೆ ಬಟ್ಟೆಗೆಲ್ಲ ಹತ್ತುತ್ತದೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಆ ಹೊತ್ತಿನಲ್ಲಿ ಆಡದ ಮಾತಿಲ್ಲ: ಅಡಿಕೆ ರೇಟು, ಮಗಳ ಮದುವೆ, ಶಾಲೆಗೆ ಮೇಷ್ಟ್ರಿಲ್ಲದ್ದು, ಯಾರಿಗೋ ರಕ್ತ ಬೇಕಾಗಿ ಶಿವಮೊಗ್ಗಕ್ಕೆ ಓಡಿದ್ದು. ನಾನೂ ಒಂದು ಮೆಟ್ಟುಗತ್ತಿ ಎಳೆದುಕೊಂಡು ಕೂರುತ್ತಿದ್ದೆ. ಕ್ಲಬ್ಬಿನ ಮಾತನ್ನು ನಾನಾಗಿ ತೆಗೆಯುತ್ತಿರಲಿಲ್ಲ. ಶಾಲೆಯ ಮಾತು ಬಂದಾಗ ‘ಆ ಶಾಲೆಯ ಮಾಡು ರಿಪೇರಿ ನಾವು ಮಾಡಿಸೋಣ ಅಂತಿದ್ದೇವೆ, ಒಂದು ದಿನ ಜೀಪು ಕೊಡ್ತೀರಾ?’ ಎಂದು ಕೇಳುತ್ತಿದ್ದೆ. ‘ಅದಕ್ಕೆಂತ ಮಾರಾಯ್ರೇ, ಕೊಡುವ’ ಎನ್ನುತ್ತಿದ್ದರು. ಜೀಪು ಕೊಟ್ಟವರು ಜೀಪಿನ ಜೊತೆ ತಾವೂ ಬರುತ್ತಿದ್ದರು. ಹಂಚು ಏರಿಸಿದವರು ಮುಂದಿನ ತಿಂಗಳು ಸಭೆಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಅರ್ಜಿ ನಮೂನೆ ಕೊಡುವುದು ಅದೂ ಆದ ಮೇಲೆ.

ನನ್ನ ಅನುಭವದಲ್ಲಿ ಉಳಿದ ಸದಸ್ಯರೆಲ್ಲ ಹೀಗೆ ಕೆಲಸದ ಬಾಗಿಲಿನಿಂದ ಬಂದವರು. ಊಟದ ಬಾಗಿಲಿನಿಂದ, ಪರಿಚಯದ ಬಾಗಿಲಿನಿಂದ ಬಂದವರಲ್ಲೂ ಒಳ್ಳೆಯವರಿದ್ದರು. ಆದರೆ ಎರಡು ವರ್ಷ ಕಳೆಯುವುದರೊಳಗೆ ಅವರನ್ನು ಹುಡುಕಬೇಕಾಗುತ್ತಿತ್ತು.

ಕಣ್ಣಿನ ಶಿಬಿರಗಳು ಇದಕ್ಕೆ ದೊಡ್ಡ ಸಾಕ್ಷಿ. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶದಲ್ಲಿ ನಿಂತು ಅಂಧತ್ವದ ವಿರುದ್ಧ ಹೋರಾಡಿ ಎಂದು ಕೇಳಿಕೊಂಡರು. ಆ ಕರೆಯ ಒಂದು ತುದಿ ನರಸಿಂಹರಾಜಪುರದ ಹಳ್ಳಿ ಶಾಲೆಯವರೆಗೂ ಬಂದಿದೆ ಎಂಬುದು ನನಗೆ ಇಂದಿಗೂ ಸೋಜಿಗ. ಭದ್ರಾ ಹಿನ್ನೀರಿನ ಆಚೀಚೆಯ ಹಳ್ಳಿಗಳಿಂದ ಮುದುಕ ಮುದುಕಿಯರು ಬೆಳಿಗ್ಗೆಯೇ ಬಂದು ಜಗಲಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಪೊರೆ ಬಂದ ಕಣ್ಣಿನ ಮೇಲೆ ಹಣೆಗೆ ಪ್ಲಾಸ್ಟರಿನ ಚೂರು ಅಂಟಿಸುತ್ತಿದ್ದರು. ಆ ಚೂರು ಬಿದ್ದುಹೋಗದಂತೆ ಕಾಯುವುದೇ ಒಂದು ಕೆಲಸ. ಸೆಕೆಗೆ ಬೆವೆತು, ಸೆರಗಿನಲ್ಲಿ ಒರೆಸಿಕೊಂಡರೆ ಗುರುತೇ ಹೋಯಿತು. ಶಸ್ತ್ರಚಿಕಿತ್ಸೆಗೆ ಹೆಸರು ಬರೆಸಿದ ಅಜ್ಜಿಯೊಬ್ಬರು ಬಸ್ಸು ಹತ್ತುವಾಗ ಹಿಂದೆ ಸರಿದರು. ಮನೆಯಲ್ಲಿ ಎಮ್ಮೆಗೆ ಹುಲ್ಲು ಹಾಕುವವರಿಲ್ಲ, ತಾನು ಎರಡು ದಿನ ಹೋದರೆ ಅದರ ಗತಿಯೇನು ಎಂಬುದು ಅವರ ಚಿಂತೆ. ಪಟ್ಟಿ ಬರೆಯಲು ಬಂದಿದ್ದ ಹುಡುಗನೊಬ್ಬ, ಅದೇ ಊರಿನವನು, ‘ನಾನು ಹಾಕ್ತೇನೆ ಅಜ್ಜಿ, ನೀವು ಹೋಗಿ’ ಎಂದ. ಹಾಕಿದ ಕೂಡ. ಅಜ್ಜಿ ಹಸಿರು ಕನ್ನಡಕ ಹಾಕಿಕೊಂಡು ವಾಪಸು ಬಂದಾಗ ಬಸ್ ನಿಲ್ದಾಣದಲ್ಲಿ ಅವನೇ ನಿಂತಿದ್ದ. ಆ ಹುಡುಗನನ್ನು ಸದಸ್ಯನಾಗು ಎಂದು ಯಾರೂ ಒತ್ತಾಯಿಸಲಿಲ್ಲ. ವರ್ಷದೊಳಗೆ ಅವನಾಗಿಯೇ ಬಂದ, ಮುಂದೆ ಶಿಬಿರಗಳ ಜವಾಬ್ದಾರಿಯನ್ನೆಲ್ಲ ಹೊತ್ತ.

ಮೂರು ಊರುಗಳಿಗೂ ಒಂದೇ ಮದ್ದು ನಡೆಯುವುದಿಲ್ಲ. ವಿಧಾನಸಭಾ ಕ್ಷೇತ್ರ ಒಂದೇ, ಅಡಿಕೆ ಒಂದೇ, ಮಳೆ ಒಂದೇ. ಆದರೂ ಶೃಂಗೇರಿಯಲ್ಲಿ ಭಾನುವಾರ ಸಭೆ ಕರೆದರೆ ಖಾಲಿ ಕುರ್ಚಿಗಳೇ ಗತಿ. ಯಾತ್ರಿಕರು ತುಂಬುವ ದಿನವದು, ಅಂಗಡಿಯವರು, ಲಾಡ್ಜಿನವರು, ಜೀಪು-ಟ್ಯಾಕ್ಸಿಯವರು ಉಸಿರಾಡಲೂ ಪುರಸೊತ್ತಿಲ್ಲದ ದಿನ. ನವರಾತ್ರಿಯಲ್ಲಂತೂ ಕೇಳುವುದೇ ಬೇಡ. ಅಲ್ಲಿ ವಾರದ ನಡುವೆ, ಅಂಗಡಿ ಬಾಗಿಲು ಹಾಕಿದ ಮೇಲೆ ಸೇರಬೇಕು. ನರಸಿಂಹರಾಜಪುರದಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಿವೆ, ಸಿಂಹನಗದ್ದೆಯ ಬಸದಿಯ ಸುತ್ತ ಜೈನರಿದ್ದಾರೆ, ಮುಸ್ಲಿಂ ವ್ಯಾಪಾರಿಗಳಿದ್ದಾರೆ. ಭಾನುವಾರ ಬೆಳಿಗ್ಗೆ ಚರ್ಚು, ಶುಕ್ರವಾರ ಮಧ್ಯಾಹ್ನ ನಮಾಜು, ಸಂಜೆ ಕತ್ತಲಾಗುವ ಮೊದಲೇ ಊಟ ಮುಗಿಸುವ ಮನೆಗಳು. ಸಭೆಯ ಹೊತ್ತು, ಊಟದ ಬಗೆ ಇವನ್ನು ಕೇಳಿ ತಿಳಿದು ನಿಗದಿಮಾಡಿದ ವರ್ಷ ಬಂದವರು ನಿಂತರು. ಕೇಳದೆ ಮಾಡಿದ ವರ್ಷ ಒಂದು ಬಗೆಯ ಜನರಷ್ಟೇ ಉಳಿದರು. ಸೇವಾ ಕ್ಲಬ್ಬು ಒಂದು ಜಾತಿಯದೋ ಒಂದು ಪೇಟೆಯದೋ ಆಗಿಬಿಟ್ಟರೆ ಅದರ ಬೆಳವಣಿಗೆ ಅಲ್ಲಿಗೆ ಮುಗಿಯಿತು. ಈ ಮಾತನ್ನು ನಾನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು.

ಹೊರಗಿನಿಂದ ಬಂದವರ ವಿಷಯವೂ ಹೀಗೆಯೇ. ನಮ್ಮ ಕ್ಷೇತ್ರದ ಶಾಸಕರಾಗಿದ್ದ ಎಚ್.ಜಿ. ಗೋವಿಂದೇಗೌಡರು ತೊಂಬತ್ತರ ದಶಕದಲ್ಲಿ ಶಿಕ್ಷಣ ಸಚಿವರಾಗಿದ್ದಾಗ ಅರ್ಹತೆಯನ್ನೇ ನೋಡಿ ಶಿಕ್ಷಕರ ದೊಡ್ಡ ನೇಮಕಾತಿ ನಡೆಯಿತು. ಬಯಲುಸೀಮೆಯ ಎಷ್ಟೋ ಹುಡುಗರು ಮೇಷ್ಟ್ರಾಗಿ ನಮ್ಮ ಕಾಡಿನ ನಡುವಿನ ಶಾಲೆಗಳಿಗೆ ಬಂದರು. ಬಾಡಿಗೆ ಕೋಣೆಯಲ್ಲಿ ಜೋಳದ ರೊಟ್ಟಿಗೆ ಹಂಬಲಿಸುತ್ತ, ಒಣಗದ ಬಟ್ಟೆಯನ್ನೇ ಹಾಕಿಕೊಂಡು ಮೊದಲ ಮಳೆಗಾಲ ಕಳೆದವರು. ಅವರಿಗೆ ಕ್ಲಬ್ಬು ಎಂದರೆ ವಾರಕ್ಕೊಮ್ಮೆ ನಾಲ್ಕು ಮುಖ ನೋಡುವ ಜಾಗ. ರೋಟರಿ ಕಟ್ಟಿದ ವಕೀಲ ಪಾಲ್ ಹ್ಯಾರಿಸ್ ಕೂಡ ವರ್ಮಾಂಟ್ ಸೀಮೆಯ ಸಣ್ಣ ಊರಿನಲ್ಲಿ ಬೆಳೆದು ಷಿಕಾಗೊಗೆ ಬಂದು, ಆ ಮಹಾನಗರದಲ್ಲಿ ಊರಿನ ಸ್ನೇಹ ಸಿಗದೆ ಒಬ್ಬಂಟಿಯಾದವನು. ಮೂವರು ಗೆಳೆಯರನ್ನು ಕೂಡಿಸಿಕೊಂಡು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರತೊಡಗಿದ. ನಮ್ಮಲ್ಲಿ ಆ ಕಥೆ ತಿರುಗಿತ್ತು, ದೊಡ್ಡ ಬಯಲಿನಿಂದ ಬಂದವರು ಸಣ್ಣ ಊರಿನಲ್ಲಿ ಒಬ್ಬಂಟಿಗಳಾಗಿದ್ದರು. ಬ್ಯಾಂಕಿನವರು, ಮೆಣಸೆಯ ಸಂಸ್ಕೃತ ವಿದ್ಯಾಪೀಠದ ಅಧ್ಯಾಪಕರು, ಬಾಳೆಹೊನ್ನೂರಿನ ಬಳಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರದವರು, ಇವರೆಲ್ಲ ವರ್ಗವಾಗಿ ಹೋಗುವವರು, ಇವರನ್ನು ಸೇರಿಸಿಕೊಂಡು ಏನು ಪ್ರಯೋಜನ ಎಂದು ಹೇಳುವವರಿದ್ದರು. ನನ್ನ ಅಭಿಪ್ರಾಯ ಬೇರೆ. ಇರುವ ಮೂರು ವರ್ಷ ಅವರು ಮನಸ್ಸಿಟ್ಟು ದುಡಿಯುತ್ತಾರೆ. ಹೋಗುವಾಗ ಮುಂದಿನ ಊರಿನ ಕ್ಲಬ್ಬಿಗೆ ನಾವು ಒಂದು ಕಾಗದ ಬರೆದುಕೊಟ್ಟರೆ ಅವರು ಅಲ್ಲಿಯೂ ಸದಸ್ಯರು. ಒಟ್ಟು ಸಂಸ್ಥೆಗೆ ನಷ್ಟವೇನು ಬಂತು?

ಬಸ್ಸಿನ ವಿಚಾರ ಹೇಳದೆ ಈ ಊರುಗಳ ಯಾವ ಸಂಘಟನೆಯ ಕಥೆಯೂ ಪೂರ್ತಿಯಾಗುವುದಿಲ್ಲ. ಕೊಪ್ಪದ ಸಹಕಾರ ಸಾರಿಗೆ 1991ರಲ್ಲಿ ಶುರುವಾಯಿತು. ಮುಚ್ಚಿದ ಖಾಸಗಿ ಬಸ್ ಕಂಪನಿಯ ಕಾರ್ಮಿಕರೇ ಸೇರಿ ಕಟ್ಟಿಕೊಂಡ ಸಂಸ್ಥೆ. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಸದಸ್ಯರು, ಎಲ್ಲರೂ ಮಾಲೀಕರು. ಸದಸ್ಯತ್ವ ಎಂದರೆ ಏನೆಂದು ನನಗೆ ಅರ್ಥಮಾಡಿಸಿದವರು ಅವರು. ಕೆಟ್ಟ ರಸ್ತೆಯಲ್ಲಿ, ನಷ್ಟದ ರೂಟಿನಲ್ಲಿ, ಒಬ್ಬನೇ ಪ್ರಯಾಣಿಕನಿದ್ದರೂ ಬಸ್ಸು ಬರುತ್ತಿತ್ತು. ನಮ್ಮ ಸಭೆಗಳು ಕೊನೆಯ ಬಸ್ಸಿಗೆ ಮುಂಚೆ ಮುಗಿಯಬೇಕೆಂಬ ನಿಯಮ ಮಾಡಿಕೊಂಡಿದ್ದೆವು. ಕಾರಿಲ್ಲದವರೂ ಸದಸ್ಯರಾಗಲು ಸಾಧ್ಯವಾದದ್ದು ಆ ನಿಯಮದಿಂದ. 2020ರಲ್ಲಿ ಆ ಬಸ್ಸುಗಳು ನಿಂತಾಗ ಹರಿಹರಪುರದ ಕಡೆಯ, ಜಯಪುರದ ಕಡೆಯ ಸದಸ್ಯರು ಸಂಜೆಯ ಸಭೆಗೆ ಬರುವುದು ಕಡಿಮೆಯಾಯಿತು. ಈಗ ಒಬ್ಬರ ಕಾರಿನಲ್ಲಿ ನಾಲ್ವರು ಬರುವ ಏರ್ಪಾಡಿದೆ, ಆದರೆ ಕೈ ತೋರಿಸಿ ಹತ್ತುವ ಬಸ್ಸಿನ ಸ್ವಾತಂತ್ರ್ಯ ಅದರಲ್ಲಿಲ್ಲ.

ಹೆಂಗಸರ ಸೇರ್ಪಡೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಲಯನ್ಸ್ ತನ್ನ ಬಾಗಿಲನ್ನು ಮಹಿಳೆಯರಿಗೆ ತೆರೆದದ್ದು 1987ರಲ್ಲಿ. ರೋಟರಿಯ ನಿಯಮ ಬದಲಾದದ್ದು ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಾದ ಮೇಲೆ, 1989ರಲ್ಲಿ. ಕಾಗದದ ಮೇಲೆ ಬಾಗಿಲು ತೆರೆದರೂ ನಮ್ಮ ಕಡೆ ಬಹಳ ಕಾಲ ಹೆಂಗಸರೆಂದರೆ ಸದಸ್ಯರ ಹೆಂಡತಿಯರು, ಪದಗ್ರಹಣದ ದಿನ ಆರತಿ ತಟ್ಟೆ ಹಿಡಿಯುವವರು. ಬದಲಾವಣೆ ಬಂದದ್ದು ಸ್ವಸಹಾಯ ಸಂಘಗಳಿಂದ. ಸ್ತ್ರೀಶಕ್ತಿ ಗುಂಪುಗಳು, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ಹಳ್ಳಿಹಳ್ಳಿಗೆ ಬಂದ ಮೇಲೆ ವಾರಕ್ಕೊಮ್ಮೆ ಸಭೆ ಸೇರುವುದು, ನಡವಳಿ ಬರೆಯುವುದು, ಪೈಸೆ ಪೈಸೆಯ ಲೆಕ್ಕ ಒಪ್ಪಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಮನೆಯ ಕೆಲಸದಷ್ಟೇ ರೂಢಿಯಾಯಿತು. ನಾವು ಗಂಡಸರು ತಿಂಗಳುಗಟ್ಟಲೆ ನಡವಳಿ ಪುಸ್ತಕ ಬರೆಯದೆ ಬಿಟ್ಟಾಗ, ಅಂಥ ಸಂಘವೊಂದರಲ್ಲಿ ಹತ್ತು ವರ್ಷ ಲೆಕ್ಕ ಬರೆದಿದ್ದ ಮಹಿಳೆಯೊಬ್ಬರನ್ನು ಕಾರ್ಯದರ್ಶಿಯಾಗಿ ಎಂದು ಕೇಳಿಕೊಂಡೆವು. ಅವರು ಮೊದಲು ಕೇಳಿದ್ದು ಹಿಂದಿನ ರಸೀದಿಗಳೆಲ್ಲಿ ಎಂದು. ಆ ವರ್ಷ ಎಲ್ಲ ಸಭೆಗಳೂ ಹೇಳಿದ ಹೊತ್ತಿಗೆ ಶುರುವಾದವು, ಹೇಳಿದ ಹೊತ್ತಿಗೆ ಮುಗಿದವು. ಅವರ ಹಿಂದೆಯೇ ಇನ್ನಷ್ಟು ಹೆಂಗಸರು ಬಂದರು. ಒಂದೇ ಮನೆಯವರು ಸೇರಿದರೆ ಎರಡನೆಯವರಿಗೆ ಅಂತರರಾಷ್ಟ್ರೀಯ ಚಂದಾ ಅರ್ಧವೆಂಬ ಲಯನ್ಸಿನ ಕುಟುಂಬ ಸದಸ್ಯತ್ವವೂ ನೆರವಿಗೆ ಬಂತು. ಆದರೆ ಆ ಸೌಲಭ್ಯವನ್ನು ಸಂಖ್ಯೆ ಹೆಚ್ಚಿಸಲು ಮಾತ್ರ ಬಳಸಿ, ಹೆಂಡತಿಯ ಹೆಸರು ಬರೆಸಿ ಆಕೆಯನ್ನು ಒಂದು ಸಭೆಗೂ ಕರೆಯದಿದ್ದರೆ ಅದು ಆಕೆಗೆ ಮಾಡುವ ಅವಮಾನ.

ಸಂಖ್ಯೆಯ ಒತ್ತಡ ದೊಡ್ಡದು. ಹೊಸ ಕ್ಲಬ್ಬಿಗೆ 20 ಜನ ಬೇಕು, ಇಂಥ ತಿಂಗಳೊಳಗೆ ಇಷ್ಟು ಸೇರ್ಪಡೆ ಆಗಬೇಕು ಎಂದು ಮೇಲಿನಿಂದ ಗುರಿ ಬರುತ್ತದೆ. ಜಿಲ್ಲೆಯಾಚೆಯ ಒಂದು ಊರಿನಲ್ಲಿ, ಹೆಸರು ಬೇಡ, ತನ್ನ ಅಂಗಡಿಯ ನೌಕರರ ಹೆಸರನ್ನೆಲ್ಲ ಬರೆದು ಪಟ್ಟಿ ತುಂಬಿಸಿದ್ದನ್ನು ನೋಡಿದ್ದೇನೆ. ಮುಂದಿನ ಜುಲೈಗೆ ಅಷ್ಟೂ ಹೆಸರು ಹೊಡೆದು ಹಾಕಿದರು. ನಮ್ಮ ಕಡೆಗೆ ಹೊಂದುವ ದಾರಿ ಬೇರೆಯೇ ಇದೆ. ಮಲೆನಾಡಿನಲ್ಲಿ ಊರು ಎಂದರೆ ಒಂದು ಗುಡ್ಡಕ್ಕೆ ಒಂದು ಮನೆ. 20 ಜನರನ್ನು ಒಂದೇ ಹಳ್ಳಿಯಲ್ಲಿ ಹುಡುಕುವುದು ಕಷ್ಟ, ಐವರನ್ನು ಹುಡುಕಬಹುದು. ಐವರಿದ್ದರೆ ಮೂಲ ಕ್ಲಬ್ಬಿನ ಶಾಖೆ ತೆರೆಯಲು ಲಯನ್ಸಿನಲ್ಲಿ ಅವಕಾಶವಿದೆ. ರೋಟರಿಯಲ್ಲಿಯೂ ಎಂಟು ಜನರ ಉಪಕ್ಲಬ್ಬು ಮಾಡಬಹುದು. ಈ ಸಣ್ಣ ಶಾಖೆಗಳನ್ನು ನಾವು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. ಮಂಗನ ಕಾಯಿಲೆಯ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಮೇ ವರೆಗೆ, ಕಾಡಿಗೆ ಹೋಗುವವರ ಕೈಗೆ ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳುವ ಡೆಪಾ ತೈಲ ತಲುಪಿಸಲು, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಲು ಪೇಟೆಯಲ್ಲಿ ಕುಳಿತ 20 ಜನರಿಗಿಂತ ಕಾಡಂಚಿನ ಹಳ್ಳಿಯ ಐವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಸಭೆಯ ಭಾಷೆಯೂ ಜನರನ್ನು ದೂರ ಇಟ್ಟಿತ್ತು. ಮೊದಮೊದಲು ವರದಿ, ಪ್ರತಿಜ್ಞೆ, ವಂದನಾರ್ಪಣೆ ಎಲ್ಲ ಇಂಗ್ಲಿಷಿನಲ್ಲಿ. ತೋಟದ ಕೆಲಸ, ಸೊಸೈಟಿಯ ವ್ಯವಹಾರ ಎಲ್ಲ ಬಲ್ಲ ಗಟ್ಟಿಗರು ಅಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕನ್ನಡಕ್ಕೆ ತಿರುಗಿದ ಮೇಲೆ ಅವರೇ ಅಧ್ಯಕ್ಷರಾದರು.

ಈಗಿನ ಕಷ್ಟ ನನ್ನ ಕಾಲದ್ದಲ್ಲ. ಮನೆಮನೆಯ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಳದಿ ಎಲೆ ರೋಗಕ್ಕೆ ತೋಟ ಹೋಯಿತು, ಈಚೆಗೆ ಎಲೆಚುಕ್ಕೆ ಬಂತು, ಉಳಿದವರಿಗೂ ಇಲ್ಲಿ ಉಳಿಯುವ ಧೈರ್ಯ ಕಡಿಮೆ. 2020ರ ಲಾಕ್‌ಡೌನಿನಲ್ಲಿ ಅಷ್ಟೂ ಹುಡುಗರು ಒಮ್ಮೆಲೇ ವಾಪಸು ಬಂದರು. ನೆಟ್‌ವರ್ಕ್ ಸಿಗುವ ಗುಡ್ಡದ ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತ, ಬಿಡುವಿನಲ್ಲಿ ಒಂಟಿ ಮುದುಕರ ಮನೆಗಳಿಗೆ ಬಿಪಿ ಮಾತ್ರೆ, ಇನ್ಸುಲಿನ್ ತಲುಪಿಸಿದರು. ಯಾರ ಮನೆಯಲ್ಲಿ ಯಾವ ಮಾತ್ರೆ ಯಾವ ದಿನ ಮುಗಿಯುತ್ತದೆ ಎಂಬ ಪಟ್ಟಿಯನ್ನು ಅವರು ಫೋನಿನಲ್ಲಿ ಮಾಡಿದ ರೀತಿ ನೋಡಿ ನಮಗೆ ಹೊಸ ಹುರುಪು ಬಂತು. ಕಚೇರಿಗಳು ತೆರೆದ ಮೇಲೆ ಬಹುತೇಕರು ಹೋದರು. ಪಟ್ಟಿ ಮಾತ್ರ ಇನ್ನೂ ನಡೆಯುತ್ತಿದೆ. ಬೆಂಗಳೂರಿನಲ್ಲಿ ಕುಳಿತ ಹುಡುಗಿಯೊಬ್ಬಳು ಅದನ್ನು ನೋಡಿಕೊಳ್ಳುತ್ತಾಳೆ, ಇಲ್ಲಿಯ ಸದಸ್ಯರೊಬ್ಬರು ಔಷಧಿ ಒಯ್ದು ಕೊಡುತ್ತಾರೆ.

ಅವಳಿಗೆ ನಮ್ಮ ಕ್ಲಬ್ಬಿನಲ್ಲಿ ಪೂರ್ಣ ಸದಸ್ಯತ್ವ ಕೊಡಬೇಕು ಎಂದು ಹೋದ ತಿಂಗಳ ಸಭೆಯಲ್ಲಿ ನಾನು ಸೂಚಿಸಿದೆ. ಸಭೆಗೆ ಬರಲಾಗದವಳು ಸದಸ್ಯೆಯಾಗುವುದು ಹೇಗೆ ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಫೋನಿನ ಪರದೆಯಲ್ಲಿ ಹಾಜರಾಗಲಿ, ದೀಪಾವಳಿಗೆ ಊರಿಗೆ ಬಂದಾಗ ಶಿಬಿರ ಇಟ್ಟುಕೊಳ್ಳೋಣ, ಅವಳಂಥವರು ಊರಿಗೆ ಹತ್ತಿಪ್ಪತ್ತು ಜನ ಸಿಗುತ್ತಾರೆ ಎಂದೆ. ಶೃಂಗೇರಿಯವರು ಒಪ್ಪಿದ್ದಾರೆ. ನರಸಿಂಹರಾಜಪುರದವರು ತಮ್ಮ ಕಡೆಯಿಂದ ಹೊರಗಿರುವ ಮಕ್ಕಳ ಹೆಸರು, ಊರಿಗೆ ಬರುವ ದಿನಗಳನ್ನು ಬರೆದುಕೊಳ್ಳುತ್ತಿದ್ದಾರೆ. ಕೊಪ್ಪದಲ್ಲಿ ಚರ್ಚೆ ಇನ್ನೂ ನಡೆದಿದೆ, ಮುಂದಿನ ಬುಧವಾರದ ಸಭೆಯಲ್ಲಿ ಮತಕ್ಕೆ ಹಾಕುತ್ತಾರೆ. ನಾನು ಪರವಾಗಿ ಮಾತಾಡಲಿದ್ದೇನೆ.